ಜನನ ಪತ್ರವೂ ಸತ್ಯಸಾಕ್ಷಿಯೂ



ಸ್ವಲ್ಪ ಕಾಲದ ಹಿಂದೆ ಒಂದು ಹಳ್ಳಿಯ ಸಭೆಯಲ್ಲಿ ಸಂಜೆಯ ಪ್ರಾರ್ಥನೆ ಮುಗಿದ ತರುವಾಯ, ಚಿಕ್ಕ ಮಕ್ಕಳುಳ್ಳ ತಂದೆತಾಯಿಗಳನ್ನು ನೋಡಿ, "ನಿಮ್ಮ ಮಕ್ಕಳ ಜನನವನ್ನು ಬರೆಸಿದ್ದೀರೋ?" ಎಂದು ವಿಚಾರಿಸಿದೆನು. ಇಬ್ಬರು ಮೂವರು ತಲೆ ತಗ್ಗಿಸಿದರು. ಆಗ ವಯಸ್ಸಿನಲ್ಲಿ ಹಿರಿಯನೂ ಭಕ್ತಿಯುಳ್ಳವನೂ ಆದ ಒಬ್ಬ ರೈತನು ಎದ್ದು, "ಅಯ್ಯನವರೇ, ನಮ್ಮ ಹೆಸರು ಪರಲೋಕದ ಜೀವಬಾಧ್ಯರ ಪುಸ್ತಕದಲ್ಲಿ ಬರೆದಿದ್ದರೆ ಸಾಲದೋ? ಸರಕಾರದ ಪುಸ್ತಕದಲ್ಲಿ ಇದ್ದರೇನು, ಇಲ್ಲದಿದ್ದರೇನು? ನಾನು ಹುಟ್ಟಿದ್ದಕ್ಕೆ ನಾನೇ ಸಾಕ್ಷಿಯಾಗಿ ನಿಮ್ಮ ಮುಂದೆ ನಿಂತಿದ್ದೇನಲ್ಲಾ!" ಅಂದನು. ಎಲ್ಲರೂ ನಕ್ಕರು; ನಾನೂ ನಕ್ಕೆನು. ಆದರೆ ಮನೆಗೆ ಹಿಂದಿರುಗುವ ದಾರಿಯಲ್ಲಿ ಆ ಮಾತು ನನ್ನನ್ನು ಬಿಡಲಿಲ್ಲ. ಭಕ್ತಿಯಿಂದ ಬಂದ ಪ್ರಶ್ನೆಗೆ ನಗುವು ಉತ್ತರವಲ್ಲ. ಆದಕಾರಣ ಅದನ್ನು ಈ ಪತ್ರಿಕೆಯಲ್ಲಿ ನಿಮ್ಮೆಲ್ಲರ ಸಂಗಡ ವಿಚಾರಿಸಬೇಕೆಂದು ಮನಸ್ಸು ಮಾಡಿದ್ದೇನೆ.

ಮೊದಲು ಆ ಹಿರಿಯನ ಕಡೇ ಮಾತನ್ನು ನೋಡೋಣ. ತಾನು ಹುಟ್ಟಿದ್ದಕ್ಕೆ ತಾನೇ ಸಾಕ್ಷಿಯೆಂದು ಅವನು ಹೇಳಿದನು. ಇದು ನಿಜವೋ? ಮನುಷ್ಯನು ತಾನು ಉತ್ತ ಹೊಲಕ್ಕೂ ಕೊಟ್ಟ ಸಾಲಕ್ಕೂ ಆಡಿದ ಮಾತಿಗೂ ಸಾಕ್ಷಿ ಹೇಳಬಲ್ಲನು. ಆದರೆ ತಾನು ಯಾವ ದಿನ, ಯಾವ ಊರಲ್ಲಿ, ಯಾರ ಹೊಟ್ಟೆಯಲ್ಲಿ ಹುಟ್ಟಿದೆನೆಂಬದನ್ನು ತಾನೇ ಕಂಡು ಹೇಳುವವನು ಲೋಕದಲ್ಲಿ ಒಬ್ಬನೂ ಇಲ್ಲ. ಆ ಗಳಿಗೆಯಲ್ಲಿ ಅವನಿಗೆ ಕಣ್ಣಿತ್ತು, ಆದರೆ ನೆನಪಿರಲಿಲ್ಲ; ಬಾಯಿತ್ತು, ಆದರೆ ಅಳುವಿನ ಹೊರತು ಮಾತಿರಲಿಲ್ಲ. ಸೂಲಗಿತ್ತಿ ಹೇಳಿದ್ದನ್ನು, ತಾಯಿ ಹೇಳಿದ್ದನ್ನು, ನೆರೆಯವರು ಹೇಳಿದ್ದನ್ನು ನಂಬಿಯೇ ನಾವೆಲ್ಲರು ನಮ್ಮ ಆರಂಭವನ್ನು ತಿಳಿದುಕೊಂಡಿದ್ದೇವೆ. ಅರಸನಾದರೂ ಆಳಾದರೂ ಇದರಲ್ಲಿ ಭೇದವಿಲ್ಲ. ಬಾಯಿಲ್ಲದ ಕೂಸಿನ ಪರವಾಗಿ ದೊಡ್ಡವರು ಹೇಳಿದ ಸಾಕ್ಷಿಯನ್ನು ಬರೆದಿಟ್ಟ ಕಾಗದವೇ ಜನನ ಪತ್ರವು.

ಆ ಕಾಗದದಲ್ಲಿ ಇರುವದು ಸ್ವಲ್ಪವೇ: ಮಗುವಿನ ಹೆಸರು, ಗಂಡೋ ಹೆಣ್ಣೋ ಎಂಬದು, ಹುಟ್ಟಿದ ದಿನ, ಹುಟ್ಟಿದ ಸ್ಥಳ, ತಾಯಿಯ ಹೆಸರು, ತಂದೆಯ ಹೆಸರು, ಅವರ ವಿಳಾಸ, ನೋಂದಣಿಯ ಸಂಖ್ಯೆ ಮತ್ತು ತಾರೀಖು. ಆ ಪತ್ರದಲ್ಲಿ ಜಾತಿಗೆ ಸ್ಥಳವಿಲ್ಲವೆಂಬದನ್ನು ಗಮನಿಸಿರಿ. ಕೇರಿಯ ಕೂಸಿಗೂ ಗೌಡರ ಮನೆಯ ಕೂಸಿಗೂ ಅದೇ ಅಳತೆಯ ಕಾಗದ, ಅದೇ ಕಾಲಮುಗಳು. ಹುಟ್ಟಿನಿಂದಲೇ ಕೀಳೆಂದು ಅನ್ನಿಸಿಕೊಂಡ ತಾತಂದಿರ ಮೊಮ್ಮಕ್ಕಳಾದ ನಮ್ಮಲ್ಲಿ ಅನೇಕರು, ಹುಟ್ಟನ್ನು ಕುರಿತು ಬರೆದ ಈ ಪತ್ರದಲ್ಲಿ ಮೇಲು ಕೀಳು ಇಲ್ಲವೆಂಬದನ್ನು ಕಂಡು ದೇವರಿಗೆ ಸ್ತೋತ್ರ ಹೇಳಬಹುದು.

ಪೂರ್ವಕಾಲದಲ್ಲಿ ಇಂಥ ಪತ್ರಗಳಿಲ್ಲದೆ ನಮ್ಮ ಹಿರಿಯರು ಬದುಕಲಿಲ್ಲವೋ ಎಂದು ಕೆಲವರು ಕೇಳುವರು. ಬದುಕಿದರು, ಆದರೆ ಹೇಗೆಂಬದನ್ನು ನೆನಸಿಕೊಳ್ಳಿರಿ. ದೊಡ್ಡ ಮಳೆ ಬಂದು ಕೆರೆಯ ಕಟ್ಟೆ ಒಡೆದ ವರುಷ ಹುಟ್ಟಿದವನು ಒಬ್ಬನು. ಬರಗಾಲದ ಮಾರನೆಯ ಸುಗ್ಗಿಯಲ್ಲಿ ಹುಟ್ಟಿದವಳು ಒಬ್ಬಳು. ಮಗುವನ್ನು ಶಾಲೆಗೆ ಕರೆದುಕೊಂಡು ಹೋದಾಗ ಮೇಷ್ಟ್ರು, "ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿಯನ್ನು ಮುಟ್ಟು" ಅನ್ನುವರು. ಮುಟ್ಟಿದರೆ ಆರು ವರುಷ ತುಂಬಿತು. ಮುಟ್ಟದಿದ್ದರೆ ಬರುವ ವರುಷ ಬಾ. ಮುಟ್ಟಿದ ಮಗುವಿಗೆ ಹುಟ್ಟಿದ ದಿನ ಯಾವದು? ಶಾಲೆ ತೆರೆಯುವದು ಜೂನ್ ತಿಂಗಳಲ್ಲಿ. ಹೀಗಿರಲಾಗಿ ಜೂನ್ ೧ ಎಂದು ಬರೆದರೆ ಲೆಕ್ಕ ಸರಿಹೋಯಿತು. ಇದರಿಂದಲೇ ನಮ್ಮ ನಾಡಿನ ಹಳ್ಳಿಗಳಲ್ಲಿ ಎಷ್ಟೋ ಮಂದಿ ಹಿರಿಯರು ಜೂನ್ ೧ರಲ್ಲಿ ಹುಟ್ಟಿದವರಾಗಿದ್ದಾರೆ. ಇದನ್ನು ಬರೆಯುವ ನಾನೂ ಅವರಲ್ಲಿ ಒಬ್ಬನು. ಕಣದಲ್ಲಿ ರಾಗಿ ಒಕ್ಕುತ್ತಿದ್ದಾಗ ತನಗೆ ಬೇನೆ ಬಂತೆಂದು ನನ್ನ ತಾಯಿ ಹೇಳುತ್ತಿದ್ದಳು. ಜೂನ್ ತಿಂಗಳಲ್ಲಿ ಯಾರ ಕಣದಲ್ಲಿಯೂ ರಾಗಿ ಒಕ್ಕುವದಿಲ್ಲ. ತಿಳಿಯದೆ ಬರೆದದ್ದು ಪಾಪವಲ್ಲ. ಆದರೂ ನನ್ನ ನಿಜವಾದ ದಿನವು ನನ್ನ ತಾಯಿಯ ಸಂಗಡ ಸಮಾಧಿಗೆ ಇಳಿದು ಹೋಯಿತು. ಅದನ್ನು ಕೊಡಬಲ್ಲವರು ಈಗ ಯಾರೂ ಇಲ್ಲ.

ಕ್ರೈಸ್ತ ಸಭೆಯು ಈ ವಿಷಯದಲ್ಲಿ ಪೂರ್ವದಿಂದಲೂ ಎಚ್ಚರವಾಗಿತ್ತು. ಇಂಗ್ಲೆಂಡು ದೇಶದಲ್ಲಿ ೧೫೩೮ನೇ ಇಸವಿಯಲ್ಲಿ, ಪ್ರತಿಯೊಂದು ಸಭೆಯ ಪಾಲಕನು ದೀಕ್ಷಾಸ್ನಾನ, ಮದುವೆ, ಸಮಾಧಿ ಈ ಮೂರನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಅಪ್ಪಣೆಯಾಯಿತು. ಸರಕಾರವು ತಾನೇ ಜನನಗಳನ್ನು ಬರೆಯತೊಡಗಿದ್ದು ಅಲ್ಲಿ ೧೮೩೭ರಲ್ಲಿ. ಅಂದರೆ ಸುಮಾರು ಮುನ್ನೂರು ವರುಷ ಸಭೆಯ ಪುಸ್ತಕವೇ ಬಡವನ ಹೆಸರನ್ನು ಕಾಪಾಡಿತು. ನಮ್ಮ ಕರ್ನಾಟಕಕ್ಕೆ ಬಂದ ಮಿಶನ್ನಿನವರು, ೧೮೧೦ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನವರಾಗಲಿ ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರಾಗಲಿ, ಇದೇ ಪದ್ಧತಿಯನ್ನು ತಂದರು. ಬೇರೆ ಯಾವ ಪುಸ್ತಕದಲ್ಲಿಯೂ ಹೆಸರಿಲ್ಲದ ಕೂಲಿಯವನ ಹೆಸರು ಸಭೆಯ ಪುಸ್ತಕದಲ್ಲಿ ಅವನ ಹೆಂಡತಿ ಮಕ್ಕಳ ಹೆಸರುಗಳ ಸಂಗಡ ಬರೆಯಲ್ಪಟ್ಟಿತು. ಇದು ಸಣ್ಣ ಉಪಕಾರವಲ್ಲ.

ಆದರೆ ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ತೆಗೆದುಹಾಕಬೇಕು. ದೀಕ್ಷಾಸ್ನಾನದ ಪತ್ರವು ದೀಕ್ಷಾಸ್ನಾನಕ್ಕೆ ಸಾಕ್ಷಿ. ಜನನಕ್ಕೆ ಮುಖ್ಯ ಸಾಕ್ಷಿಯಲ್ಲ. ಮನೆಮಂದಿಯೆಲ್ಲ ಒಂದೇ ದಿನ ಸ್ನಾನ ಹೊಂದಿದ ಸಂಸಾರದಲ್ಲಿ ಅಜ್ಜನಿಗೂ ಮೊಮ್ಮಗುವಿಗೂ ಪುಸ್ತಕದಲ್ಲಿ ಅದೇ ತಾರೀಖು ಇರುವದು. ಸಭೆಯ ಪುಸ್ತಕದಲ್ಲಿ ಬರೆಸಿದ್ದೇವೆ, ಇನ್ನೇನು ಬೇಕೆಂದು ಸುಮ್ಮನಿರುವವರು ಮಗುವಿಗೆ ಹತ್ತು ವರುಷವಾದ ಮೇಲೆ ಕಚೇರಿಯಿಂದ ಕಚೇರಿಗೆ ಅಲೆಯುವದನ್ನು ನಾನು ಕಂಡಿದ್ದೇನೆ.

ನಮ್ಮ ದೇಶದಲ್ಲಿ ೧೮೮೬ರ ಕಾಯಿದೆಯ ಪ್ರಕಾರ ಜನನವನ್ನು ಬರೆಸುವದು ಅವರವರ ಇಷ್ಟಕ್ಕೆ ಬಿಟ್ಟದ್ದಾಗಿತ್ತು. ೧೯೬೯ರ ಜನನ ಮರಣ ನೋಂದಣಿ ಕಾಯಿದೆಯು ಅದನ್ನು ಎಲ್ಲರ ಕರ್ತವ್ಯವಾಗಿ ಮಾಡಿತು. ಮಗು ಹುಟ್ಟಿದ ೨೧ ದಿವಸಗಳೊಳಗೆ ತಿಳಿಸಬೇಕು. ಆಸ್ಪತ್ರೆಯಲ್ಲಿ ಹುಟ್ಟಿದರೆ ಆಸ್ಪತ್ರೆಯ ಅಧಿಕಾರಿಯೂ ಮನೆಯಲ್ಲಿ ಹುಟ್ಟಿದರೆ ಮನೆಯ ಯಜಮಾನನೂ ನೋಂದಣಾಧಿಕಾರಿಗೆ ತಿಳಿಸತಕ್ಕದ್ದು. ಹೀಗೆ ಸಮಯದಲ್ಲಿ ಬರೆಸಿದವರಿಗೆ ಮೊದಲನೆಯ ಪತ್ರವನ್ನು ಹಣವಿಲ್ಲದೆ ಕೊಡುವರು. ೨೧ ದಿವಸ ದಾಟಿ ೩೦ರೊಳಗಾದರೆ ಸ್ವಲ್ಪ ದಂಡ. ೩೦ ದಿವಸ ದಾಟಿ ವರುಷದೊಳಗಾದರೆ ಮೇಲಧಿಕಾರಿಯ ಬರಹದ ಒಪ್ಪಿಗೆ. ವರುಷ ದಾಟಿದರೆ ದಂಡಾಧಿಕಾರಿಯ ಆಜ್ಞೆಯೇ ಬೇಕು. ಬೀಜ ಬಿತ್ತುವ ಹದ ತಪ್ಪಿದ ಹೊಲದಂತೆ, ತಡವಾದಷ್ಟೂ ಕೆಲಸ ಹೆಚ್ಚು, ಫಲ ಕಡಿಮೆ.

ನಮ್ಮ ಜನರಲ್ಲಿ ಕೆಲವರು, ದೀಕ್ಷಾಸ್ನಾನದಲ್ಲಿ ಹೆಸರಿಟ್ಟ ಮೇಲೆ ಬರೆಸೋಣವೆಂದು ತಡಮಾಡುವರು. ಇದು ಬೇಕಾಗಿಲ್ಲ. ಹೆಸರಿಲ್ಲದೆಯೂ ಜನನವನ್ನು ಬರೆಸಬಹುದು. ಹನ್ನೆರಡು ತಿಂಗಳೊಳಗೆ ಹೆಸರನ್ನು ತಿಳಿಸಿದರೆ ಹಣವಿಲ್ಲದೆ ಸೇರಿಸುವರು. ತರುವಾಯ ಹದಿನೈದು ವರುಷಗಳ ವರೆಗೂ ಶುಲ್ಕ ಕೊಟ್ಟು ಸೇರಿಸಬಹುದು. ಸಾಕ್ಷಿಯು ಇಪ್ಪತ್ತೊಂದು ದಿವಸಗಳೊಳಗೆ ಆಗಲಿ. ಹೆಸರು ಸಭೆಯ ಮುಂದೆ ಸಾವಕಾಶವಾಗಿ ಬರಲಿ.

೨೦೨೩ರಲ್ಲಿ ಈ ಕಾಯಿದೆಯನ್ನು ತಿದ್ದಿದರು. ಆ ವರುಷದ ಅಕ್ಟೋಬರ್ ೧ನೇ ತಾರೀಖಿನಿಂದ ಈಚೆಗೆ ಹುಟ್ಟಿದವರಿಗೆ, ಹುಟ್ಟಿದ ದಿನವನ್ನೂ ಸ್ಥಳವನ್ನೂ ತೋರಿಸಲು ಜನನ ಪತ್ರವೇ ಆಧಾರವಾಗಿರುವದು. ಶಾಲೆಗೆ ಸೇರುವದಕ್ಕೂ, ವಾಹನ ನಡಿಸುವ ಲೈಸೆನ್ಸಿಗೂ, ಮತದಾರರ ಪಟ್ಟಿಗೂ, ಮದುವೆಯ ನೋಂದಣಿಗೂ, ಸರಕಾರದ ಉದ್ಯೋಗಕ್ಕೂ, ಪಾಸ್‌ಪೋರ್ಟಿಗೂ, ಆಧಾರ್ ಸಂಖ್ಯೆಗೂ ಅದನ್ನೇ ಕೇಳುವರು. ಅದಕ್ಕೆ ಮುಂಚೆ ಹುಟ್ಟಿದವರಿಗೆ ಶಾಲೆಯ ದಾಖಲೆ ಮುಂತಾದ ಬೇರೆ ಆಧಾರಗಳೂ ನಡೆಯುವವು. ಆಧಾರ್ ಕಾರ್ಡು ಇದ್ದರೆ ಸಾಕೆಂದು ಯಾರೂ ನಿಶ್ಚಿಂತರಾಗಿರಬಾರದು. ವಯಸ್ಸನ್ನು ನಿರ್ಣಯಿಸಲು ಅದು ತಕ್ಕ ಆಧಾರವಲ್ಲವೆಂದು ಸುಪ್ರೀಂ ಕೋರ್ಟು ೨೦೨೪ರಲ್ಲಿ ಹೇಳಿತು.

ಆದರೆ ಈ ಪತ್ರದ ಪ್ರಯೋಜನವು ಉದ್ಯೋಗಕ್ಕೂ ಪ್ರಯಾಣಕ್ಕೂ ಮಾತ್ರ ಸೇರಿದ್ದಲ್ಲ. ಅದು ಬಲಹೀನರಿಗೆ ಬೇಲಿಯಾಗಿರುವದು. ಹದಿನಾರು ವರುಷದ ಹುಡುಗನೊಬ್ಬನು ಯಾವದೋ ಜಗಳದಲ್ಲಿ ಸಿಕ್ಕಿಬಿದ್ದು ಅಪರಾಧಿಯೆಂದು ಹಿಡಿಯಲ್ಪಟ್ಟನೆಂದು ಎಣಿಸಿಕೊಳ್ಳಿರಿ. ಹದಿನೆಂಟು ತುಂಬದವರಿಗೆ ನ್ಯಾಯವಿಚಾರಣೆಯ ದಾರಿಯೇ ಬೇರೆ. ೨೦೧೫ರ ಬಾಲನ್ಯಾಯ ಕಾಯಿದೆಯ ಪ್ರಕಾರ ಅವನ ವಯಸ್ಸಿಗೆ ಮೊದಲು ಶಾಲೆಯ ಪತ್ರವನ್ನು ನೋಡುವರು. ಅದಿಲ್ಲದಿದ್ದರೆ ಪಂಚಾಯತಿಯೋ ಪುರಸಭೆಯೋ ಕೊಟ್ಟ ಜನನ ಪತ್ರವನ್ನು ನೋಡುವರು. ಎರಡೂ ಇಲ್ಲದಿದ್ದರೆ ವೈದ್ಯರು ಅವನ ಎಲುಬುಗಳನ್ನು ಪರೀಕ್ಷಿಸಿ ಅಂದಾಜು ಹೇಳಬೇಕು. ಶಾಲೆಯ ಮೆಟ್ಟಲನ್ನೇ ಹತ್ತದ ಬಡವನ ಮಗನಿಗೆ, ತಂದೆಯು ಬರೆಸದೆ ಬಿಟ್ಟ ಒಂದು ಕಾಗದಕ್ಕೆ ಬದಲಾಗಿ, ಅವನ ಎಲುಬು ಸಾಕ್ಷಿ ಹೇಳಬೇಕಾಗುವದು. ಇದು ನಮಗೆ ನಾಚಿಕೆಯಲ್ಲವೋ?

ಹೆಣ್ಣುಮಕ್ಕಳ ವಿಷಯದಲ್ಲಿ ಈ ಬೇಲಿಯು ಇನ್ನೂ ಹೆಚ್ಚು ಬೇಕಾದದ್ದು. ೧೯೨೯ರಲ್ಲಿ ಶಾರದಾ ಕಾಯಿದೆಯು ಹುಡುಗಿಗೆ ಹದಿನಾಲ್ಕು ವರುಷ ತುಂಬದೆ ಮದುವೆ ಮಾಡಬಾರದೆಂದು ವಿಧಿಸಿತು. ಆದರೆ ಹುಟ್ಟಿದ ದಿನವೇ ಬರೆಯಲ್ಪಡದ ಹುಡುಗಿಗೆ ಹದಿನಾಲ್ಕು ತುಂಬಲಿಲ್ಲವೆಂದು ತೋರಿಸುವದು ಹೇಗೆ? ೨೦೦೬ರ ಕಾಯಿದೆಯ ಪ್ರಕಾರ ಹೆಣ್ಣಿಗೆ ಹದಿನೆಂಟು, ಗಂಡಿಗೆ ಇಪ್ಪತ್ತೊಂದು ತುಂಬಬೇಕು. ಈ ಅಂಕಿಗಳನ್ನು ಕಾಯುವದು ಬರೆದಿಟ್ಟ ದಿನವೇ.

ಇಲ್ಲಿ ನನ್ನ ಸ್ವಂತ ಅನುಭವವೊಂದನ್ನು ಹೇಳುವದು ನ್ಯಾಯವೆಂದು ಕಾಣುತ್ತದೆ. ಹಲವು ವರುಷಗಳ ಹಿಂದೆ ನಮ್ಮ ಸಭೆಯವನೊಬ್ಬನು ತನ್ನ ಮಗಳನ್ನು ಕರೆದುಕೊಂಡು ನನ್ನ ಬಳಿಗೆ ಬಂದನು. ಒಳ್ಳೆಯ ಸಂಬಂಧ ಕೂಡಿಬಂದಿತ್ತು. ಹುಡುಗಿಗೆ ಮಾತ್ರ ಹದಿನಾರು. ಜನನ ಪತ್ರವನ್ನು ಅವನು ಮಾಡಿಸಿರಲಿಲ್ಲ. ಸಭೆಯ ಪುಸ್ತಕದಲ್ಲಿರುವ ಜನ್ಮದಿನವನ್ನು ತಿದ್ದಿ ಒಂದು ಪತ್ರ ಬರೆದುಕೊಡಬೇಕೆಂದು ಬೇಡಿದನು. "ಒಂದು ಅಂಕಿ ತಾನೇ, ಅಯ್ಯನವರೇ. ಏಳನ್ನು ಐದು ಮಾಡಿದರೆ ಆಯಿತು. ಇದರಿಂದ ಯಾರಿಗೆ ನಷ್ಟ?" ಅಂದನು. ಅವನು ಸುಗ್ಗಿಯ ಕಾಣಿಕೆಯಲ್ಲಿ ಎಂದೂ ಹಿಂದೆ ಬಿದ್ದವನಲ್ಲ. ದೇವಾಲಯದ ಹಂಚು ಬದಲಾಯಿಸುವಾಗ ತನ್ನ ಎತ್ತು ಗಾಡಿಯನ್ನು ಕೊಟ್ಟವನು. ಸುಳ್ಳು ಹೇಳುವದೇಕೆ? ಆ ಹೊತ್ತಿನಲ್ಲಿ ನನ್ನ ಮನಸ್ಸು ಅಲ್ಲಾಡಿತು. ಏಳು ಐದಾಗುವದು ಎಷ್ಟು ಸುಲಭವೆಂದು ನನಗೆ ತೋರಿತು.

ಪುಸ್ತಕವನ್ನು ತೆಗೆದು ಆ ಪುಟವನ್ನು ತಿರುವಿದೆನು. ಹುಡುಗಿಯ ಹೆಸರು, ಹುಟ್ಟಿದ ದಿನ, ಸ್ನಾನದ ದಿನ; ಅದರ ಕೆಳಗೆ ತಂದೆಯ ಹೆಬ್ಬೆಟ್ಟಿನ ಗುರುತು. ಅವನ ಗುರುತೇ. ಹದಿನಾರು ವರುಷಗಳ ಹಿಂದೆ, ಚೊಚ್ಚಲ ಮಗು ಹುಟ್ಟಿದ ಸಂತೋಷದಲ್ಲಿ, ಯಾರ ಒತ್ತಾಯವೂ ಇಲ್ಲದೆ, ಆ ಕೂಸಿನ ಪರವಾಗಿ ಅವನು ಸತ್ಯವನ್ನು ಹೇಳಿ ಹೆಬ್ಬೆಟ್ಟು ಒತ್ತಿದ್ದನು. ನಾನು ಅದನ್ನು ಅವನಿಗೆ ತೋರಿಸಿ, "ಅಣ್ಣಾ, ಆ ದಿನ ನೀನು ಇವಳಿಗೆ ಸಾಕ್ಷಿಯಾದೆ. ಈ ದಿನ ಇವಳಿಗೆ ವಿರೋಧವಾಗಿ ಸಾಕ್ಷಿಯಾಗಬೇಕೆಂದು ಬಂದಿದ್ದೀಯಾ?" ಎಂದು ಕೇಳಿದೆನು. ಅವನು ಉತ್ತರ ಕೊಡಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಹುಡುಗಿಯೂ ಏನೂ ಮಾತಾಡಲಿಲ್ಲ. ಅವಳನ್ನು ಆ ವರೆಗೆ ಯಾರೂ ಏನೂ ಕೇಳಿರಲಿಲ್ಲ. ಅವನು ಕೋಪದಿಂದ ಹೊರಟು ಹೋದನು. ಎಷ್ಟೋ ಆದಿತ್ಯವಾರಗಳ ವರೆಗೆ ಆರಾಧನೆಗೆ ಬರಲಿಲ್ಲ. ಆ ಮದುವೆ ಮಾತ್ರ ನಿಂತಿತು.

"ಯಾರಿಗೆ ನಷ್ಟ?" ಎಂಬ ಅವನ ಪ್ರಶ್ನೆಯನ್ನು ನಾನು ಆ ಮೇಲೆ ಬಹಳ ಸಾರಿ ಯೋಚಿಸಿದ್ದೇನೆ. ಹೊಲದ ಮೇರೆಯ ಕಲ್ಲನ್ನು ಸರಿಸುವವನು ನೆರೆಯವನ ಭೂಮಿಯನ್ನು ಕದಿಯುತ್ತಾನೆ. ಹುಟ್ಟಿದ ದಿನವನ್ನು ಸರಿಸುವವನು ಮಗುವಿನ ವರುಷಗಳನ್ನು ಕದಿಯುತ್ತಾನೆ. ಆ ಹುಡುಗಿಯ ಎರಡು ವರುಷಗಳು ತಂದೆಯ ಆಸ್ತಿಯಲ್ಲ, ನನ್ನ ಆಸ್ತಿಯೂ ಅಲ್ಲ. ದೇವರು ಅವಳಿಗೆ ಎಣಿಸಿ ಕೊಟ್ಟವುಗಳು. ಇನ್ನು ಕೆಲವರು ಉದ್ಯೋಗದಲ್ಲಿ ಹೆಚ್ಚು ಕಾಲ ಇರಲೆಂದು ಮಗನ ವಯಸ್ಸನ್ನು ಕಡಿಮೆ ಬರೆಸುವರು. ಇದರಲ್ಲಿ ಮಗನಿಗೆ ಲಾಭವಲ್ಲವೇ ಎಂದು ಕೇಳಬಹುದು. ಲಾಭವಿರಬಹುದು, ಆದರೆ ಅವನು ಬದುಕಿರುವ ವರೆಗೆ ತನ್ನ ಹೆಸರು ಬರೆಯುವಲ್ಲೆಲ್ಲಾ ಆ ಸುಳ್ಳನ್ನೂ ಬರೆಯಬೇಕಾಗುವದು. ತಂದೆಯು ಒಂದು ಸಾರಿ ಹೇಳಿದ ಸುಳ್ಳನ್ನು ಮಗನು ನೂರು ಸಾರಿ ಹೇಳಬೇಕು. ಇದು ಮಗನಿಗೆ ಬಿಟ್ಟುಹೋಗತಕ್ಕ ಆಸ್ತಿಯೋ? ತಿಳಿದು ತಿಳಿದು ಸುಳ್ಳು ಮಾಹಿತಿ ಕೊಡುವದು ಸರಕಾರದ ಕಾಯಿದೆಯ ಪ್ರಕಾರವೂ ಅಪರಾಧವೇ. ಸುಳ್ಳು ಸಾಕ್ಷಿ ಹೇಳಬಾರದೆಂಬ ದೇವರ ಆಜ್ಞೆಯಾದರೋ ಕಾಯಿದೆಗಳಿಗಿಂತ ಮುಂಚೆಯೇ ಇತ್ತು.

ಮತ್ತೊಂದು ಮಾತನ್ನು ಹೇಳದೆ ಬಿಡಲಾರೆನು. ಮದುವೆಯಿಲ್ಲದೆ ತಾಯಿಯಾದವಳ ಮಗುವನ್ನು ಬರೆಸಲು ಅವಳ ಮನೆಯವರು ನಾಚಿಕೆಯಿಂದ ಹಿಂಜರಿಯುವರು. ತಂದೆಯ ಹೆಸರಿನ ಸ್ಥಳದಲ್ಲಿ ಏನು ಬರೆಯಬೇಕೆಂಬದು ಅವರ ಭಯ. ೨೦೧೫ರಲ್ಲಿ ಸುಪ್ರೀಂ ಕೋರ್ಟು, ಅಂಥ ತಾಯಿಯು ಪ್ರಮಾಣ ಮಾಡಿ ಬರೆದುಕೊಟ್ಟರೆ ಅವಳ ಮಗುವಿಗೆ ಜನನ ಪತ್ರವನ್ನು ಕೊಡಬೇಕೆಂದು ತೀರ್ಪು ಮಾಡಿತು; ತಂದೆಯ ಹೆಸರನ್ನು ಹೇಳೆಂದು ಅವಳನ್ನು ಬಲವಂತ ಮಾಡಲಿಕ್ಕಿಲ್ಲ. ನ್ಯಾಯಸ್ಥಾನವು ತೋರಿಸಿದಷ್ಟು ದಯೆಯನ್ನಾದರೂ ಸಭೆಯು ತೋರಿಸಬಾರದೋ? ದೊಡ್ಡವರು ತಪ್ಪಿದ್ದರೆ ಕೂಸು ತಪ್ಪಲಿಲ್ಲ. ಆ ಕೂಸು ಹುಟ್ಟಿದ್ದು ಸತ್ಯ. ಸತ್ಯಕ್ಕೆ ಸಾಕ್ಷಿ ಹೇಳಲು ಯಾರೂ ನಾಚಬೇಕಾಗಿಲ್ಲ.

ಈಗ ಆ ಹಿರಿಯನ ಮೊದಲನೆಯ ಮಾತಿಗೆ ಬರೋಣ: ಪರಲೋಕದ ಪುಸ್ತಕದಲ್ಲಿ ಹೆಸರಿದ್ದರೆ ಸಾಲದೋ? ಅದರಲ್ಲಿ ಹೆಸರಿರುವದೇ ಎಲ್ಲಕ್ಕಿಂತ ದೊಡ್ಡ ಸಂತೋಷವೆಂದು ನಮ್ಮ ಕರ್ತನೇ ಶಿಷ್ಯರಿಗೆ ಕಲಿಸಿದನು; ಇದಕ್ಕೆ ಎದುರು ಮಾತಿಲ್ಲ. ಕಾಗದವು ಮನುಷ್ಯನನ್ನು ಉಂಟುಮಾಡುವದಿಲ್ಲ. ಬಾಬೆಲಿನ ಸೆರೆಯಿಂದ ತಿರಿಗಿ ಬಂದವರಲ್ಲಿ ಕೆಲವರು ತಮ್ಮ ವಂಶಾವಳಿಯ ಪತ್ರವನ್ನು ಹುಡುಕಿ ಕಾಣದೆ ಯಾಜಕರ ಕೆಲಸದಿಂದ ಹೊರಗಾದರೆಂದು ಎಜ್ರನ ಗ್ರಂಥದಲ್ಲಿ ಓದುತ್ತೇವೆ. ಕ್ರಿಸ್ತನ ಸಭೆಯಲ್ಲಾದರೋ ಪತ್ರವಿಲ್ಲವೆಂದು ಯಾರನ್ನೂ ಹೊರಗೆ ನಿಲ್ಲಿಸುವದಿಲ್ಲ. ಪತ್ರವಿಲ್ಲದ ಅಜ್ಜಿಯು ಪತ್ರವುಳ್ಳ ಮೊಮ್ಮಗಳಿಗಿಂತ ಕಡಿಮೆಯವಳಲ್ಲ.

ಆದರೆ ಪರಲೋಕದ ಪುಸ್ತಕದಲ್ಲಿ ಹೆಸರುಳ್ಳವರು ಈ ಲೋಕದ ಪುಸ್ತಕವನ್ನು ತಾತ್ಸಾರ ಮಾಡಿದರೆಂದು ಸತ್ಯವೇದದಲ್ಲಿ ನಾವು ಕಾಣೆವು. ಯೋಸೇಫನು ಗರ್ಭಿಣಿಯಾದ ಮರಿಯಳನ್ನು ಕರೆದುಕೊಂಡು ಹೆಸರು ಬರೆಸುವದಕ್ಕೆ ಬೇತ್ಲೆಹೇಮಿಗೆ ನಡೆದನು. ಪೌಲನನ್ನು ಕೊರಡೆಗಳಿಂದ ಹೊಡೆಯಬೇಕೆಂದು ಕಟ್ಟಿದಾಗ ಅವನು ತಾನು ರೋಮಾಪುರದ ಹಕ್ಕುಳ್ಳವನೆಂದು ಹೇಳಿದನು. ಸಹಸ್ರಾಧಿಪತಿಯು ಅದೇ ಹಕ್ಕನ್ನು ಬಹಳ ಹಣಕ್ಕೆ ಕೊಂಡಿದ್ದನು. ಪೌಲನಿಗಾದರೋ ಅದು ಹುಟ್ಟಿನಿಂದ ಬಂದದ್ದಾಗಿತ್ತು. ಅಗಸ್ಟಸ್ ಕೈಸರನ ಕಾಲದಿಂದ ರೋಮಾಯರು ತಮ್ಮ ಮಕ್ಕಳ ಜನನವನ್ನು ಅಧಿಕಾರಿಯ ಮುಂದೆ ಹೇಳಿ ಬರೆಸುತ್ತಿದ್ದರು. ಮರದ ಹಲಗೆಗಳ ಮೇಲೆ ಬರೆದ ಅಂಥ ಪತ್ರಗಳ ಪ್ರತಿಗಳು ಐಗುಪ್ತದೇಶದಲ್ಲಿ ಸಿಕ್ಕಿವೆ. ಪೌಲನು ತನ್ನ ಜನನದ ಹಕ್ಕನ್ನು ಹೇಳಿದ್ದು ಹೆಮ್ಮೆಗಾಗಿ ಅಲ್ಲ. ಅನ್ಯಾಯವಾದ ಪೆಟ್ಟನ್ನು ತಡೆಯುವದಕ್ಕಾಗಿ. ತನಗೆ ಇದ್ದ ಬೇಲಿಯನ್ನು ಅವನು ಬಿಡಲಿಲ್ಲ.

ಆದದರಿಂದ ಪ್ರಿಯರೇ, ಆ ಹಿರಿಯನಿಗೆ ನಾನು ಹೇಳಬೇಕಾದ ಉತ್ತರವು ಇದು: ಅಣ್ಣಾ, ಪರಲೋಕದ ಪುಸ್ತಕವನ್ನು ಬರೆಯುವಾತನು ದೇವರು, ಆತನಿಗೆ ನಮ್ಮ ಸಾಕ್ಷಿ ಬೇಕಾಗಿಲ್ಲ, ಆತನು ಕೂಸನ್ನು ಗರ್ಭದಲ್ಲಿಯೇ ಬಲ್ಲನು. ಈ ಲೋಕದ ಪುಸ್ತಕವನ್ನು ಬರೆಯುವವರಾದರೋ ಮನುಷ್ಯರು. ಅವರಿಗೆ ಹೇಳದಿದ್ದರೆ ತಿಳಿಯದು. ಹೇಳುವದು ನಮ್ಮ ಪಾಲಿನ ಕೆಲಸ. ನಮ್ಮ ಹೆಸರು ಎಲ್ಲಿದೆಯೆಂಬದು ಇಲ್ಲಿನ ಪ್ರಶ್ನೆಯಲ್ಲ. ಮಾತು ಬಾರದ ನಮ್ಮ ನೆರೆಯವನ ಪರವಾಗಿ ನಾವು ಸತ್ಯವನ್ನು ಹೇಳಿದೆವೋ ಎಂಬದೇ ಪ್ರಶ್ನೆ. ತೊಟ್ಟಿಲಲ್ಲಿ ಮಲಗಿರುವ ಕೂಸಿಗಿಂತ ಹತ್ತಿರದ ನೆರೆಯವನು ನಮಗೆ ಯಾವನು?

ಸಭೆಯ ಹಿರಿಯರೂ ಉಪದೇಶಿಗಳೂ ಬಾಣಂತಿಯ ಮನೆಗೆ ಪ್ರಾರ್ಥನೆಗೆ ಹೋಗುವಾಗ, ಮಗುವಿನ ಜನನವನ್ನು ಬರೆಸಿದ್ದಾರೋ ಎಂದು ಕೇಳುವದನ್ನು ಪ್ರಾರ್ಥನೆಯ ಸಂಗಡ ಸೇರಿಸಿಕೊಳ್ಳಲಿ. ಮಗನಿಗೆ ಹೇಗೋ ಮಗಳಿಗೂ ಹಾಗೆಯೇ ಬರೆಸಿರಿ. ಪತ್ರವು ಕೈಗೆ ಬಂದಾಗ ಓದುಬರಹ ಬಲ್ಲವರಿಂದ ಹೆಸರುಗಳ ಅಕ್ಷರಗಳನ್ನು ಓದಿಸಿ, ತಪ್ಪಿದ್ದರೆ ಕೂಡಲೇ ತಿದ್ದಿಸಿರಿ. ಅನೇಕ ಸಂಸಾರಗಳಲ್ಲಿ ಮಕ್ಕಳ ಜನ್ಮದಿನವನ್ನು ಮನೆಯ ಸತ್ಯವೇದದ ಮೊದಲನೆಯ ಪುಟದಲ್ಲಿ ಬರೆದಿಡುವ ಒಳ್ಳೆಯ ರೂಢಿ ಉಂಟು. ಎರಡೂ ಕಡೆಯಲ್ಲಿ ಒಂದೇ ದಿನವಿರಲಿ. ಅಧಿಕಾರಿಯ ಮುಂದೆ ಒಂದು, ದೇವರ ಪುಸ್ತಕದಲ್ಲಿ ಇನ್ನೊಂದು ಎಂಬದಾಗಿ ಇರಬಾರದು.

ನನ್ನ ಬಳಿಯಿಂದ ಕೋಪಿಸಿಕೊಂಡು ಹೋದ ಆ ತಂದೆಯು ಒಂದು ಸುಗ್ಗಿಯ ಕಾಲದಲ್ಲಿ ತಿರಿಗಿ ಆರಾಧನೆಗೆ ಬಂದು, ಎಂದಿನಂತೆ ಹಿಂದಿನ ಸಾಲಿನಲ್ಲಿ ಕೂತನು. ಆ ದಿನದ ವಿಷಯವಾಗಿ ಅವನೂ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಕೆಲವು ವರುಷಗಳ ತರುವಾಯ ಅದೇ ಮಗಳ ಮದುವೆ ನಮ್ಮ ದೇವಾಲಯದಲ್ಲಿ ಆಯಿತು. ಮದುವೆಯ ಪುಸ್ತಕದಲ್ಲಿ ವಯಸ್ಸಿನ ಕಾಲಮನ್ನು ನಾನು ಬರೆದು ಮುಗಿಸಿದಾಗ, ಅವನು ಮುಂದೆ ಬಂದು ಕೇಳದೆಯೇ ಹೆಬ್ಬೆಟ್ಟು ಒತ್ತಿದನು.

ಸತ್ಯವಾದ ಸಾಕ್ಷಿಯಾಗಿರುವ ನಮ್ಮ ಕರ್ತನು ನಿಮ್ಮ ತೊಟ್ಟಿಲುಗಳನ್ನೂ ನಿಮ್ಮ ನಾಲಿಗೆಗಳನ್ನೂ ಕಾಯಲಿ. ಆಮೆನ್.